ಹುಣಸೆ ತೋಪಿನ ಗರಸು ದಾರಿ

ಮಳೆ ನಿಂತ ಮರುದಿನ ಕೆರೆಯ ಸುತ್ತಲಿನ ಗರಸು ದಾರಿಯಲ್ಲಿ ಸೈಕಲ್ ಹೋದರೆ ಚಕ್ರದ ಗುರುತು ಅಚ್ಚೊತ್ತಿದ ಹಾಗೆ ಮೂಡುತ್ತಿತ್ತು. ಕೆಂಪು ನೆಲದ ಮೇಲೆ ಮುಂದಿನ ಚಕ್ರದ್ದೊಂದು ಗೆರೆ, ಅದನ್ನು ಆಗಾಗ ದಾಟುತ್ತ ಹಿಂದಿನ ಚಕ್ರದ್ದೊಂದು. ನಮ್ಮ ಮನೆಯವರು ಬಗ್ಗಿ ಆ ಗೆರೆಗಳನ್ನು ನೋಡಿ, ಹೋದವರು ಯಾರು, ಹೇಗೆ ಹೋದರು ಎಂದು ಹೇಳುತ್ತಿದ್ದರು. "ಇಲ್ಲಿ ನೋಡು, ಓಲಾಡಿದ್ದಾನೆ. ಕಾಲು ಸೋತಿದೆ. ಇಲ್ಲಿ ಹೆದರಿ ಬ್ರೇಕ್ ಹಿಡಿದಿದ್ದಾನೆ." ನನಗೆ ಎಲ್ಲ ಗೆರೆಗಳೂ ಒಂದೇ ಥರ ಕಾಣುತ್ತಿದ್ದವು. ಆದರೂ ಹೂಂಗುಟ್ಟುತ್ತಿದ್ದೆ.

ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಹಾಲಪ್ಪ ಮೇಷ್ಟ್ರು ಎಂದರೆ ಊರಿಗೆಲ್ಲ ನೆಟ್ಟಗಿನ ಬೆನ್ನು, ಎದೆಯ ಮೇಲೊಂದು ಸೀಟಿ. ನಿವೃತ್ತಿಯಾದ ಮೇಲೆ ಸೀಟಿ ಗೂಟಕ್ಕೆ ಸೇರಿತು, ಬೆನ್ನು ಮಾತ್ರ ಹಾಗೆಯೇ ಉಳಿಯಿತು. ಸುಮ್ಮನೆ ಕೂರಲಾರದೆ, ಸೈಕಲ್ ಏರಿ ಕೆರೆಯ ಸುತ್ತ ದಾರಿ ಹುಡುಕಲು ಹೊರಟರು. ದನ ಓಡಾಡುವ ಜಾಡು, ಇಟ್ಟಿಗೆ ಗೂಡಿನ ಗಾಡಿಗಳು ಹೋದ ಜಾಡು, ಹೊಲದ ಬದು, ಎಲ್ಲವನ್ನೂ ಜೋಡಿಸಿದರು. ತೂಬಿನಿಂದ ಹೊರಟು ಏರಿಯ ಮೇಲೆ ಸಾಗಿ, ಇಟ್ಟಿಗೆ ಗೂಡುಗಳ ಹಿಂದೆ ಹಾಯ್ದು, ಹುಣಸೆ ತೋಪಿನೊಳಗೆ ನುಗ್ಗಿ, ಅದರಾಚೆ ನೀರಿನ ಅಂಚಿಗೇ ಅಂಟಿಕೊಂಡ ಕಿರಿದಾದ ದಿಬ್ಬದ ಮೇಲೆ ಬಂದು, ಕೋಡಿಯ ಹತ್ತಿರದ ಕಲ್ಲಿನ ಮಂಟಪದಲ್ಲಿ ಮುಗಿಯುವ ದಾರಿ ಅದು. ಚೂಪುಗಲ್ಲುಗಳನ್ನು ಕೈಯಾರೆ ಎತ್ತಿ ಹಾಕಿದರು, ತಿರುವುಗಳಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದರು. ಜನ ಅದನ್ನು ಮೇಷ್ಟ್ರ ದಾರಿ ಎಂದೇ ಕರೆದರು. ಭಾನುವಾರಗಳಂದು ಏರಿಯ ಮೇಲೆ ಸೈಕಲ್ ಹೊಡೆಯಲು ಹಳೆಯ ವಿದ್ಯಾರ್ಥಿಗಳು, ಅಂಗಡಿಯವರು, ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ, ಎಲ್ಲರೂ ಕೂಡಿ ಕೆರೆಯನ್ನು ಒಂದು ಸುತ್ತು ಹಾಕುತ್ತಿದ್ದರು. "ಇದು ಪಂದ್ಯ ಅಲ್ಲ" ಎಂದು ಇವರು ಪ್ರತಿ ವರ್ಷವೂ ಹೇಳುತ್ತಿದ್ದರು. ಪ್ರತಿ ವರ್ಷವೂ ಮೊದಲು ಬಂದು ಮಂಟಪದ ಮೆಟ್ಟಿಲ ಮೇಲೆ ಕೂತು, ಉಳಿದವರನ್ನು ಕಾಯುತ್ತಿದ್ದವರೂ ಇವರೇ.

ನಾನು ಹೇಳಬೇಕೆಂದಿರುವ ವರ್ಷ ಹಿಂದಿನ ದಿನ ಅಕಾಲದ ಮಳೆಯಾಗಿತ್ತು. ಕೆರೆ ತುಂಬಿತ್ತು. ನಾವು ಕೆಲವು ಹೆಂಗಸರು ಮಂಟಪದಲ್ಲಿ ಚಿತ್ರಾನ್ನದ ಪಾತ್ರೆ, ಪಾನಕದ ಕೊಡ ಇಟ್ಟುಕೊಂಡು ಕಾಯುತ್ತಿದ್ದೆವು. ಎಂದಿನಂತೆ ಇವರೇ ಮೊದಲು ಬಂದರು. ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ನಾನು ಕೊಟ್ಟ ಪಾನಕವನ್ನು ಒಂದೇ ಉಸಿರಿಗೆ ಕುಡಿದರು. ಸರಪಳಿಗೆ ಹಸಿರು ನೀರುಬಳ್ಳಿಯ ಎಳೆಯೊಂದು ಸುತ್ತಿಕೊಂಡಿದ್ದನ್ನು ನೋಡಿದೆ. ಎಲ್ಲೋ ನೀರು ನಿಂತ ಗುಂಡಿ ದಾಟಿರಬೇಕು ಎಂದುಕೊಂಡು ಸುಮ್ಮನಾದೆ.

ಸ್ವಲ್ಪ ಹೊತ್ತಿಗೆ ಔಷಧದ ಅಂಗಡಿಯ ಪ್ರಭುದೇವ ಬಂದ. ಅವನ ಹಿಂದೆ ಉಳಿದವರು. ಶಶಿರೇಖಾ ಮಾತ್ರ ಕಾಣಲಿಲ್ಲ. ಅವಳು ಇವರ ಕೈಯಲ್ಲೇ ಕಲಿತ ಹುಡುಗಿ, ಆಗ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದಳು. ಸೈಕಲ್ಲಿನಲ್ಲಿ ಇವರನ್ನು ಮೀರಿಸಬಲ್ಲವರು ಯಾರಾದರೂ ಇದ್ದರೆ ಅವಳೇ ಎಂದು ಎಲ್ಲರೂ ಬಲ್ಲರು. ಗೌರವಕ್ಕೆಂದು ಒಂದು ಹೆಜ್ಜೆ ಹಿಂದೆ ಉಳಿಯುತ್ತಾಳೆ ಎನ್ನುವವರೂ ಇದ್ದರು.

"ತೋಪಿನಾಚೆ ಇಳಿದು ನಿಂತಿದ್ಲು" ಎಂದ ಪ್ರಭುದೇವ. "ಸಾರ್ ಕಂಡ್ರಾ ಅಂತ ಕೇಳಿದ್ಲು. ಮುಂದೆ ಹೋಗಿರ್ತಾರೆ, ಬಾ ಅಂದೆ. ಬರಲಿಲ್ಲ. ಸುಸ್ತಾಗಿರಬೇಕು."

ಇವರು ಎರಡನೆಯ ಲೋಟ ಪಾನಕವನ್ನು ತುಟಿಯವರೆಗೆ ಒಯ್ದು ಹಾಗೆಯೇ ಕೆಳಗಿಟ್ಟರು. ಆಗ ಅದು ನನಗೆ ಏನೂ ಅನ್ನಿಸಲಿಲ್ಲ.

ಎಲೆ ಹಾಕುವ ಹೊತ್ತಿಗೆ ಅವಳು ಬಂದಳು, ಸೈಕಲ್ ತಳ್ಳಿಕೊಂಡು. ಎದೆಯವರೆಗೂ ನೆನೆದಿದ್ದಳು. ಕಾಲು ಕಾಣದಷ್ಟು ಕೆಸರು. ಮುಂಗೈ, ಬೆರಳು ಎಲ್ಲ ಜೊಂಡಿನ ಅಲಗಿಗೆ ಕೊಯ್ದು ಸಣ್ಣಗೆ ರಕ್ತ ಜಿನುಗುತ್ತಿತ್ತು. ಎಲ್ಲರೂ ತಿರುಗಿ ನೋಡಿದರು.

"ಏನಮ್ಮಾ, ದಾರಿ ಬಿಟ್ಟು ಕೆರೆಗಿಳಿದೆಯಾ?" ಎಂದರು ಇವರು, ಹಿಂದೆ ಮೈದಾನದಲ್ಲಿ ಮಾತಾಡುತ್ತಿದ್ದ ಅದೇ ಗಟ್ಟಿ ದನಿಯಲ್ಲಿ. "ನಾನು ಕಲಿಸಿದ್ದು ಇದೇನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಶಶಿರೇಖಾ ನಗಲಿಲ್ಲ. ಸ್ಟ್ಯಾಂಡ್ ಕೂಡ ಹಾಕದೆ ಸೈಕಲ್ಲನ್ನು ಬೀಳಲು ಬಿಟ್ಟಳು. "ಬಂದುಬಿಟ್ಟಿದ್ದೀರಾ ಸಾರ್" ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕುಸಿದಳು. ಅವಳ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು. ಬಿಸಿಲಿನಲ್ಲಿ ಚಳಿಯಾಗುವುದೆಂದರೇನು ಎಂದು ನನಗೆ ದಿಗಿಲಾಯಿತು. ಕೈ ಹಿಡಿದು ಎಬ್ಬಿಸಿ ಮಂಟಪದ ಹಿಂದಕ್ಕೆ ಕರೆದುಕೊಂಡು ಹೋದೆ.

ಗಾಯ ತೊಳೆಯುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು: "ತೋಪಿನವರೆಗೂ ಸಾರ್ ಚಕ್ರದ ಗುರುತು ಇತ್ತಮ್ಮಾ. ಅದನ್ನೇ ನೋಡ್ಕೊಂಡು ಬರ್ತಿದ್ದೆ. ತೋಪು ದಾಟಿ ದಿಬ್ಬದ ಮೇಲೆ ಬಂದ್ರೆ ಗುರುತೇ ಇಲ್ಲ. ನೆಲ ಒದ್ದೆಯಾಗಿತ್ತು, ಒಂದು ಗೆರೆನಾದ್ರೂ ಇರಬೇಕಲ್ಲಾ. ಹಿಂದಕ್ಕೆ ಹೋಗಿ ಹುಡುಕಿದೆ. ನೀರಿನ ಹತ್ರ ಜೊಂಡು ಮುರಿದಿತ್ತು. ಜಾರಿ ಬಿದ್ದುಬಿಟ್ರು ಅಂದ್ಕೊಂಡೆ. ಇಳಿದು ಕೈಯಾಡಿಸಿ ನೋಡ್ತಾ ಇದ್ದೆ... ಆಮೇಲೆ ಆ ಕಡೆ ಯಾರೂ ಬರಲಿಲ್ಲ. ಕೂಗಿದೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅವರು ಬದುಕಿರುವುದನ್ನು ಕಂಡ ನಿರಾಳದಲ್ಲಿ, ಬೇರೆ ಯಾವ ದಾರಿಯಿಂದ ಬಂದರು ಎಂದು ಕೇಳುವುದೂ ಅವಳಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಕಂಬದಾಚೆ ಅವರ ಸೈಕಲ್ ಕಾಣುತ್ತಿತ್ತು. ಸರಪಳಿಯ ನೀರುಬಳ್ಳಿ ಅಷ್ಟರಲ್ಲಿ ಬಾಡಿತ್ತು. ತೋಪು ಶುರುವಾಗುವ ಅಂಚಿನಿಂದ ಕೋಡಿಯವರೆಗೆ ನೀರಿನ ಮೇಲೆ ನೇರ ಬಂದರೆ ದಾರಿ ಅರ್ಧಕ್ಕರ್ಧ ಕಡಿಮೆ. ಅಲ್ಲಿ ಮೀನು ಹಿಡಿಯುವ ದುರುಗಪ್ಪನ ಹರಿಗೋಲು ಸದಾ ಕಟ್ಟಿರುತ್ತಿತ್ತು.

ನನ್ನ ಕಿವಿ ಬಿಸಿಯಾಯಿತು. ತಿರುಗಿ ಹೋಗಿ ಬಡಿಸಲು ನಿಂತೆ. ಯಾರ ಮುಖವನ್ನೂ ನೋಡದೆ, ಎಲೆಗಳನ್ನಷ್ಟೇ ನೋಡುತ್ತ ಬಡಿಸಿದೆ. "ಈ ವಯಸ್ಸಲ್ಲೂ ಮೇಷ್ಟ್ರನ್ನು ಹಿಡಿಯೋರಿಲ್ಲ" ಎಂದು ಯಾರೋ ಅಂದರು. ಇವರು ಸಣ್ಣಗೆ ನಕ್ಕದ್ದು ಕೇಳಿಸಿತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ, ಇವರ ಹೆಂಡತಿ ಎಂದು ನನ್ನನ್ನು ಯಾರೂ ಗುರುತಿಸದಿದ್ದರೆ ಸಾಕು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಅವರು ಹಿತ್ತಿಲಲ್ಲಿ ಸೈಕಲ್ ಒರೆಸಲು ಕೂತರು. ನಾನು ಬಾಗಿಲಲ್ಲಿ ನಿಂತೇ ಕೇಳಿದೆ.

"ಹರಿಗೋಲಲ್ಲಿ ಬಂದ್ರಾ?"

ಬಟ್ಟೆ ಹಿಡಿದ ಕೈ ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಆ ಹುಡುಗಿ ನಿಮ್ಮ ಹೆಣ ಹುಡುಕೋಕೆ ಕೆರೆಗೆ ಇಳಿದಿದ್ಲು. ನೀವು ಅವಳನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿದ್ರಿ."

ಅವರಿಗೆ ಅದು ಪೂರ್ತಿ ಗೊತ್ತಿರಲಿಲ್ಲ. ಪ್ರಭುದೇವನ ಮಾತಿನಿಂದ ಅನುಮಾನ ಬಂದಿತ್ತಂತೆ. ಅವಳು ದಾರಿಯಲ್ಲಿ ಹುಡುಕಿರಬಹುದು ಎಂದುಕೊಂಡರಂತೆ, ನೀರಿಗಿಳಿದಾಳು ಎಂದಲ್ಲ. ಬಟ್ಟೆಯನ್ನು ಮಡಿಸಿ ಸೀಟಿನ ಮೇಲಿಟ್ಟರು. ಆಮೇಲೆ, ಸೈಕಲ್ಲಿಗೇ ಹೇಳುವ ಹಾಗೆ ಹೇಳಿದರು: "ತೋಪಿನೊಳಗೆ ನನಗೆ ಕಣ್ಣು ಕಾಣಲ್ಲ."

ಹಿಂದಿನ ಮಳೆಗಾಲದಿಂದ ಹಾಗಾಗಿತ್ತಂತೆ. ಬಿಸಿಲಿನಿಂದ ನೆರಳಿಗೆ ಹೋದ ಕೂಡಲೇ ಕಂಬಳಿ ಮುಚ್ಚಿದಂತೆ ಕತ್ತಲೆ. ಬೆಳಕಿನಲ್ಲಿಯೂ ಎದುರಿಗಿರುವುದು ಮಾತ್ರ ಕಾಣುತ್ತದೆ, ಪಕ್ಕದ್ದಿಲ್ಲ. ತೋಪಿನಲ್ಲಿ ಮರಕ್ಕೆ ಗುದ್ದಿ ಬಿದ್ದು ಮೊಣಕಾಲು ಒಡೆದುಕೊಂಡು ಬಂದು, ನಾಯಿ ಅಡ್ಡ ಬಂತು ಎಂದು ನನಗೆ ಹೇಳಿದ್ದರು. ಪಕ್ಕದ ಊರಿನ ಕಣ್ಣಿನ ಡಾಕ್ಟರು, ಇದು ಇನ್ನೂ ಕಿರಿದಾಗುತ್ತ ಹೋಗುತ್ತದೆ, ಔಷಧವಿಲ್ಲ ಎಂದಿದ್ದರಂತೆ. ಊಟಕ್ಕೆ ಕೂತಾಗ ಪಕ್ಕದ ಲೋಟ ಉರುಳಿಸಿ ನನ್ನಿಂದ ಬೈಸಿಕೊಂಡದ್ದೆಲ್ಲ ನೆನಪಾಯಿತು. ನನ್ನ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಅದರ ಪಕ್ಕದಲ್ಲಿ ಸಂಕಟವೂ ಬಂದು ಕೂತಿತು, ಅಷ್ಟೇ.

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಸೈಕಲ್ ಬಿಡಿಸ್ತಿದ್ದೆ."

ನಿಜ, ಬಿಡಿಸುತ್ತಿದ್ದೆ.

"ನಾನೇ ಮಾಡಿದ ದಾರಿ" ಎಂದರು. "ಅದೇ ಕಾಣಲ್ಲ ಅಂತ ಯಾರ ಹತ್ರ ಹೇಳಲಿ?"

"ಅವಳ ಹತ್ರ ಹೇಳಿ. ಏಳಿ, ಅಂಗಿ ಹಾಕ್ಕೊಳ್ಳಿ."

ನೇಕಾರರ ಬೀದಿಯಲ್ಲಿ ಶಶಿರೇಖಾಳ ಮನೆ. ನಾವು ಹೋದಾಗ ಹೊತ್ತು ಇಳಿದಿತ್ತು. ಅವಳ ತಾಯಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನಮ್ಮನ್ನು ಕಂಡು ಎದ್ದರು, ಕೂತುಕೊಳ್ಳಿ ಎನ್ನಲಿಲ್ಲ. ಶಶಿರೇಖಾ ಕೈಗೆ ಬಟ್ಟೆ ಸುತ್ತಿಕೊಂಡು, ಶಾಲು ಹೊದ್ದು ಗೋಡೆಗೆ ಒರಗಿದ್ದವಳು ಗಡಬಡಿಸಿ ನಿಂತಳು.

"ಸಾರ್, ನೀವ್ಯಾಕೆ ಬರೋಕೆ ಹೋದ್ರಿ?"

ಇವರು ಹೊಸಿಲಿನ ಒಳಗೇ ನಿಂತಿದ್ದರು. ಮೈದಾನದ ದನಿ ಎಲ್ಲಿಯೋ ಹೋಗಿತ್ತು. "ನಾನು ಆ ದಿಬ್ಬದ ಮೇಲೆ ಬರಲೇ ಇಲ್ಲಮ್ಮ. ದುರುಗಪ್ಪನ ಹರಿಗೋಲಲ್ಲಿ ಬಂದೆ. ಹೋದ ವರ್ಷ ಸರಿಯಾಗೇ ಬಂದಿದ್ದೆ. ಈ ವರ್ಷ ಹೀಗೆ."

ತಾಯಿ ಹೇಳಿದರು, ದನಿ ಏರಿಸದೆ: "ನನ್ನ ಮಗಳಿಗೆ ಈಜು ಬರಲ್ಲ ಮೇಷ್ಟ್ರೇ. ಗೊತ್ತಿತ್ತಾ ನಿಮಗೆ?"

ಇವರಿಗೆ ಗೊತ್ತಿತ್ತು. ಶಾಲೆಯ ಮಕ್ಕಳಿಗೆ ಕೆರೆಯಲ್ಲಿ ಈಜು ಕಲಿಸಲು ಹೋದಾಗ, ನೀರೆಂದರೆ ಹೆದರಿ ತೂಬಿನ ಕಂಬ ತಬ್ಬಿಕೊಂಡು ನಿಂತಿದ್ದ ಹುಡುಗಿ ಅವಳು. ನಾನು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ, ಬಿಚ್ಚಿದೆ. ಅಲ್ಲಿಂದ ಎದ್ದು ಓಡಿಹೋಗೋಣವೆಂದರೆ ನಾವು ಕೂತಿರಲೇ ಇಲ್ಲ.

"ಅಮ್ಮಾ, ಬಿಡು" ಎಂದಳು ಶಶಿರೇಖಾ. ಇವರ ಕಡೆ ತಿರುಗಿ ಕೇಳಿದಳು, "ಯಾಕೆ ಸಾರ್?"

ಇವರು ಕಣ್ಣಿನ ವಿಷಯ ಹೇಳಿದರು. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ಕರುಣೆ ಬೇಡುವ ಹಾಗೆ ಕೇಳಿಸಬಾರದೆಂದು ತಡೆತಡೆದು.

"ಈಗ ನಾನು ಕಾಣ್ತಿದ್ದೀನಾ?"

"ನಿಂತಿದ್ದೀಯ ಅಂತ ಗೊತ್ತಾಗುತ್ತೆ. ಮುಖ ಕಾಣಲ್ಲ."

ಆಗ ತಾಯಿ ಒಳಗೆ ಹೋಗಿ ದೀಪ ತಂದು, ಇವರಿಗೂ ಮಗಳಿಗೂ ನಡುವೆ ಸ್ಟೂಲಿನ ಮೇಲಿಟ್ಟರು. ಅವರ ಮುಖದ ಬಿಗುವು ಹಾಗೆಯೇ ಇತ್ತು. ದೀಪವಿಟ್ಟು ಹೋಗಿ ಯಂತ್ರದ ಮುಂದೆ ಕೂತರು. ಆ ಬೆಳಕಿನಲ್ಲಿ ಇವರು ಹುಡುಗಿಯ ಕೈಗೆ ಸುತ್ತಿದ್ದ ಬಟ್ಟೆಯನ್ನು, ಕೆನ್ನೆಯ ಮೇಲಿನ ಗೀರನ್ನು ನೋಡಿದರು. ಬೆಳಿಗ್ಗೆ ಕಂಡಿದ್ದರೂ ನೋಡಿರಲಿಲ್ಲ. "ತಪ್ಪಾಯಿತು" ಎಂದರು. ಅದು ಅವರ ಬಾಯಿಂದ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಬರೋ ಭಾನುವಾರ ಎಲ್ಲರಿಗೂ ಹೇಳ್ತೀನಿ."

"ನನಗೋಸ್ಕರ ಬೇಡ ಸಾರ್."

"ಹೇಳಲಿ ಬಿಡು" ಎಂದರು ತಾಯಿ, ಬಟ್ಟೆಯಿಂದ ತಲೆಯೆತ್ತದೆ.

ಹೇಳಿದರು. ತೂಬಿನ ಬಳಿ ಎಲ್ಲರೂ ಸೈಕಲ್ ಹಿಡಿದು ನಿಂತಿದ್ದಾಗ, ಬೆನ್ನು ನೆಟ್ಟಗೆ ಮಾಡಿಕೊಂಡು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಕೆಲವರು ಅಯ್ಯೋ ಎಂದರು, ಕೆಲವರು ಆಮೇಲೆ ಅಂಗಡಿಗಳಲ್ಲಿ ನಕ್ಕರು. ಅವರು ಮತ್ತೆ ಆ ದಾರಿಯಲ್ಲಿ ಸೈಕಲ್ ಏರಲಿಲ್ಲ. ಕಲ್ಲುಗಳಿಗೆ ಸುಣ್ಣ ಬಳಿಯುವ ಕೆಲಸ ಶಶಿರೇಖಾಳದಾಯಿತು. ಅವಳ ತಾಯಿ ಬೀದಿಯಲ್ಲಿ ಸಿಕ್ಕರೆ ನನ್ನೊಡನೆ ಮಾತಾಡುತ್ತಿದ್ದರು, ಇವರೊಡನೆ ಎಂದೂ ಆಡಲಿಲ್ಲ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅಂದು ಸಂಜೆ ನಾವು ಮನೆಗೆ ಮರಳಿದ ಹೊತ್ತಿಗೆ. ನೇಕಾರರ ಬೀದಿಯಲ್ಲಿ ಮಗ್ಗಗಳು ನಿಂತು, ಜನ ಜಗಲಿಗಳ ಮೇಲೆ ಬಂದು ಕೂತಿದ್ದರು. ಬೀದಿ ಕಿರಿದು, ಅಲ್ಲಲ್ಲಿ ಮೆಟ್ಟಿಲು, ಚರಂಡಿಯ ಚಪ್ಪಡಿಗಳು ಏರುತಗ್ಗು. ಕತ್ತಲಾಗುತ್ತ ಬಂದಿತ್ತು. ನಾನು ಎಂದಿನಂತೆ ಎರಡು ಹೆಜ್ಜೆ ಹಿಂದಿದ್ದೆ. ಇವರು ಒಂದು ಕಡೆ ನಿಂತರು, ಕಾಲಿನಿಂದ ನೆಲ ತಡವಿದರು. ನಾನು ಮುಂದೆ ಬಂದೆ. ನನ್ನ ಹೆಗಲ ಮೇಲೆ ಅವರ ಕೈ ಬಂದು ಕೂತಿತು.

ಬೀದಿಯಲ್ಲಿ, ಅಷ್ಟು ಜನರ ಎದುರು, ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಜಗಲಿಯ ಮೇಲಿನ ಮಾತುಗಳು ನಿಂತವು. ನನಗೆ ನಾಚಿಕೆಯಿಂದ ಬೆನ್ನು ಬೆವೆತಿತು. ಕೈ ತುಂಬ ಭಾರವಾಗಿತ್ತು. "ಇಲ್ಲಿ ಮೆಟ್ಟಿಲಿದೆ" ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ, ಮತ್ತು ಅವರು ಕಾಲಿಡುವವರೆಗೂ ಕಾದು ನಿಂತೆ.