ಕುಡಿಯದ ನೀರು

ಕಾಣೆಯಾದವರ ಹೆಸರು ಬರೆದಿಡುತ್ತಿದ್ದ ಮಾಹಿಕಾನಳನ್ನು ಸರ್ಕಾರದವರು ಮನೆಯಿಂದಲೇ ಎತ್ತಿಕೊಂಡು ಹೋಗಿ ಇಪ್ಪತ್ತಾರು ದಿನವಾಗಿತ್ತು. ಅವಳು ಕೂಡಿಟ್ಟಿದ್ದ ಅವರ ಫೋಟೋಗಳನ್ನು ಒಯ್ಯಲು ಪೊಲೀಸಿನವನೊಬ್ಬ ಬಂದ. ಅವನು ತುರ್ಬತ್ ಊರಿನ ಶಹಮೀರ, ನೆಂಟರ ಪೈಕಿ. ಅವನನ್ನು ಕಂಡು ಅವಳ ತಾಯಿ ಗೋಹರಳಿಗೆ ಆಸೆ ಚಿಗುರಿತು.

"ಬಾರೋ ಮಗಾ, ಕೂತ್ಕೋ. ನಿನ್ನ ಹೊಟ್ಟೆ ನೋಡಿದ್ರೆ ಠಾಣೇಲಿ ದಿನಾ ಒಂದೊಂದು ಒಂಟೆ ಬೇಯಿಸ್ತಾರೆ ಅನ್ಸುತ್ತೆ," ಎಂದು ನೀರಿನ ಬಟ್ಟಲು ಕೊಟ್ಟಳು. ಅವನು ನಕ್ಕ.

ಬಲೂಚರ ಮನೆಯಲ್ಲಿ ನೀರು ಕುಡಿದವನು ಕಂಡದ್ದು ಕೇಳಿದ್ದನ್ನೆಲ್ಲ ಹೇಳಲೇಬೇಕು. ಆ ಸುದ್ದಿಯಲ್ಲಿ ಸುಳ್ಳು ಬೆರೆಸಿದವನ ಜೊತೆ ಕತ್ತೆಯೂ ದಾರಿ ನಡೆಯುವುದಿಲ್ಲ.

"ಕುಡಿದು ಸುದ್ದಿ ಹೇಳು. ನನ್ನ ಮಗಳು ಬದುಕಿದಾಳಾ?"

ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಏಳು ಸಮುದ್ರ ಕುಡಿದರೂ ದಾಹ ತೀರದಷ್ಟು ಒಣಗಿತ್ತು ಅವನ ಬಾಯಿ.

"ಬಾಯಾರಿಕೆ ಇಲ್ಲ ಚಿಕ್ಕಮ್ಮ," ಎಂದು ನೀರನ್ನು ಹಾಗೇ ಕೆಳಗಿಟ್ಟ. ಫೋಟೋಗಳನ್ನು ಬಾಚಿಕೊಂಡು, ಅವಳ ಮುಖ ನೋಡದೆ ಹೊರಟುಹೋದ.

ಪಕ್ಕದ ಮನೆಯವಳು ಓಡಿ ಬಂದಳು. "ಏನಂದ, ಗೋಹರಕ್ಕಾ?"

"ನೀರು ಕುಡೀಲಿಲ್ಲ ಕಣೇ."

ಪಕ್ಕದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.