ತಂಗಿಗೆ ಹೊಸ ಸೀರೆ

ಕಡಿದ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸುತ್ತಿದ್ದಳು ಪ್ರೇಮಲತಾ. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಎಲ್ಲರ ಮಗ್ಗವೂ ಸದ್ದು ಮಾಡುತ್ತಿತ್ತು, ಅವಳದೊಂದೇ ನಿಂತಿತ್ತು. ಹೊಸ್ತಿಲ ಬಳಿ ಕುದಾಪುರದ ನಿಂಗಕ್ಕ, ತೀರಿಹೋದ ತಂಗಿ ನಿರ್ಮಲಾಳ ಅತ್ತೆ, ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು.

"ಸೆರಗು ದೊಡ್ಡದಿರ್ಲವ್ವ. ದೇವಿ ಸೀರೆ. ಹುಣ್ಣಿಮೆಗೆ ಉಡಿಸ್ಬೇಕು."

ದೇವಿಯೆಂದರೆ ನಿರ್ಮಲಾ. ಹುಲ್ಲುಗಾವಲಿಗೆ ಸರ್ಕಾರ ಹಾಕಿದ ಬೇಲಿಯೊಳಗೆ ನುಗ್ಗಿದ ಕುರಿಮರಿಯನ್ನು ತರಲು ಹೋಗಿ, ಹಾವು ಕಚ್ಚಿ ಆಸ್ಪತ್ರೆಯಲ್ಲಿ ಸತ್ತವಳು. ಚಳ್ಳಕೆರೆಯ ಮೇಷ್ಟ್ರೊಬ್ಬರು ಅದನ್ನೇ ಕಾದಂಬರಿ ಮಾಡಿದರು. ಅದರಲ್ಲಿ ಅವಳು ಬೇಲಿಯೆದುರು ಕೆಂಗಣ್ಣು ಬಿಟ್ಟು ನಿಲ್ಲುತ್ತಾಳೆ. ಹಾವು ಅವಳಿಗೆ ಹೆಡೆಯೆತ್ತಿ ನೆರಳು ಹಿಡಿಯುತ್ತದೆ. ಕೊನೆಗೆ ನಗುತ್ತ ಹುಲ್ಲಿನಲ್ಲಿ ಮಾಯವಾಗುತ್ತಾಳೆ. ಊರವರು ಬೇಲಿಯ ಪಕ್ಕ ಕಲ್ಲು ನೆಟ್ಟು, ಪುಸ್ತಕದ ಮುಖಪುಟಕ್ಕೆ ಕಟ್ಟು ಹಾಕಿಸಿ ಅರಿಶಿನ ಕುಂಕುಮ ಇಟ್ಟರು. ಈಗ ಹರಕೆಗಳೂ ಬರುತ್ತಿವೆ.

"ಬದುಕಿದ್ದಾಗ ಸೋಮಾರಿ ಅಂತಿದ್ರಲ್ಲತ್ತೆ?"

"ಅವಾಗ ನಮಗೇನು ಗೊತ್ತಿತ್ತೇ? ಪುಸ್ತಕ ಬಂದ ಮ್ಯಾಲೆ ತಿಳೀತು." ನಿಂಗಕ್ಕ ದನಿ ತಗ್ಗಿಸಿದಳು. "ಆಸ್ಪತ್ರೇಲಿ ಅತ್ತಿದ್ದು ಗಿತ್ತಿದ್ದು ಯಾರ ಮುಂದೂ ಆಡ್ಬ್ಯಾಡ. ಬಂದೋರು ನಿನ್ನೇ ಕೇಳ್ತಾರೆ."

ಪ್ರೇಮಲತಾ ಬೆರಳಿಗೆ ಮತ್ತೆ ಬೂದಿ ಹಚ್ಚಿಕೊಂಡಳು. "ಅಕ್ಕಾ, ಭಯ ಆಗ್ತೈತೆ, ಕೈ ಬಿಡಬ್ಯಾಡ" ಎಂದಿದ್ದ ಆ ದನಿ ಬಿಟ್ಟರೆ ತಂಗಿಯದೆಂದು ಅವಳ ಬಳಿ ಉಳಿದದ್ದಾದರೂ ಏನು? ಹೋದ ತಿಂಗಳು ಆ ಕಲ್ಲಿನ ಮುಂದೆ ನಿಂತಾಗ ಎಲ್ಲರ ಜೊತೆ ಅವಳ ಕೈಯೂ ತಾನಾಗಿ ಮುಗಿದಿತ್ತು. ಬೆಚ್ಚಿ ಬಿಡಿಸಿಕೊಂಡಿದ್ದಳು. ಹಬ್ಬಕ್ಕೆ ಬಂದಾಗಲೆಲ್ಲ ತನ್ನ ಕಾಲಿಗೆ ಬೀಳುತ್ತಿದ್ದ ಹುಡುಗಿಗೆ ಅಕ್ಕ ಕೈಮುಗಿಯುವುದುಂಟೆ? ಅಂದಿನಿಂದ ಕಣ್ಣು ಮುಚ್ಚಿದರೆ ಮುಖಪುಟದ ಕೆಂಗಣ್ಣಿನವಳೇ ಬರುತ್ತಾಳೆ. ನಿರ್ಮಲಾಳ ಮುಖ ಬರುವುದಿಲ್ಲ.

"ಮೈಲಿಗೆ ಮಾಡ್ಬ್ಯಾಡ ಮತ್ತೆ. ಯಾರೂ ಮೈಮ್ಯಾಲೆ ಹಾಕ್ಕೊಂಡು ನೋಡ್ಬಾರ್ದು." ನಿಂಗಕ್ಕ ಮಂಡಿ ಹಿಡಿದುಕೊಂಡು ಎದ್ದಳು. "ಬಸ್ಸಿನ ಹೊತ್ತಾತು, ಬರ್ತೀನಿ."

"ಹೂಂ ಅತ್ತೆ."

ನಿರ್ಮಲಾ ಹೊಸ ಸೀರೆಯನ್ನು ಮೊದಲು ತಾನು ಉಟ್ಟವಳೇ ಅಲ್ಲ. "ಹೊಸದು ಚುಚ್ಚುತೈತಕ್ಕ, ನೀನೊಂದಿನ ಉಟ್ಟು ಮೆತ್ತಗೆ ಮಾಡ್ಕೊಡು" ಎನ್ನುತ್ತಿದ್ದಳು. ಧಾರೆ ಸೀರೆಯನ್ನೂ ಹಾಗೇ ಮಾಡಿಸಿಕೊಂಡು, ಅಕ್ಕನ ಬೆವರಿನ ವಾಸನೆ ಐತೆ ಎಂದು ಮೂಸಿ ನಕ್ಕಿದ್ದಳು. ನಗುವಾಗ ಮೇಲಿನ ವಸಡೆಲ್ಲ ಕಾಣುತ್ತಿತ್ತು.

ಎಳೆ ಕೂಡಿತು. ಪ್ರೇಮಲತಾ ನೇಯ್ದಷ್ಟು ಸೀರೆಯ ಮೇಲೆ ಅಂಗೈ ಆಡಿಸಿದಳು. ಚುಚ್ಚುತ್ತಿತ್ತು. ಮಗ್ಗದಿಂದ ಇಳಿಸಿದ ಮೇಲೆ ಇದನ್ನು ತಾನೊಂದು ದಿನ ಉಡಬೇಕು. ಉಟ್ಟೇ ಒಲೆ ಮುಂದೆ ಕೂರಬೇಕು, ಮಧ್ಯಾಹ್ನ ಹೊರಳಿ ಮಲಗಬೇಕು. ಆಮೇಲೆ ಮಡಿಚಿ ಕಳಿಸಿದರಾಯಿತು.

"ಏನಂದ್ಲೇ ನಿಂಗಕ್ಕ?" ಒಳಗಿನಿಂದ ಗಂಡ ಕೇಳಿದ.

"ಸೆರಗು ದೊಡ್ಡದಿರ್ಲಿ ಅಂದ್ರು" ಎಂದು ಅವಳು ಲಾಳಿ ತೂರಿದಳು.