ದೊಡ್ಡಬೀದಿಯಲ್ಲಿ ಇಲ್ಲದ ಮಾದೇಶ

ಸಾಲ ಕೇಳಿ ಬ್ಯಾಂಕಿಗೆ ಹೋದವರು ಬರಿಗೈಯಲ್ಲಿ ಬಂದರೆ ನಮ್ಮ ಕಡೆ ಯಾರೂ ಕಾರಣ ಕೇಳುವುದಿಲ್ಲ. ಕೊಡಲಿಲ್ಲ ಅಂದರೆ ಕೊಡಲಿಲ್ಲ, ಅಷ್ಟೆ. ಮಾದೇಶನೂ ಮೊದಲ ಸಲ ಕಾರಣ ಕೇಳದೆ ಬಂದಿದ್ದ. ಎರಡನೇ ಸಲ ಕೇಳಿದ.

"ನೀವು ಕೊಟ್ಟ ವಿಳಾಸದಲ್ಲಿ ನೀವಿಲ್ಲ," ಅಂದರು ಮ್ಯಾನೇಜರು.

"ಇಲ್ಲೇ ನಿಂತಿವ್ನಲ್ಲ ಸಾ."

"ಇಲ್ಲಿದ್ದೀರಿ. ದೊಡ್ಡಬೀದೀಲಿ ಇಲ್ಲ. ನಮ್ಮವರು ನಿಮ್ಮೂರಿಗೆ ಹೋಗಿ ವಿಚಾರಿಸ್ಕೊಂಡು ಬಂದವ್ರೆ. ಆ ಬೀದೀಲಿ ಮಾದೇಶ ಅನ್ನೋರು ಯಾರೂ ಇಲ್ವಂತೆ. ನಿಮ್ಮ ಹಳೇ ಬೈಕ್ ಸಾಲದ ದಾಖಲೇಲೂ ಅದೇ ವಿಳಾಸ ಅದೆ. ಇಲ್ಲದ ಮನೆಗೆ ನಾನು ಹೆಂಗೆ ಸಾಲ ಕೊಡ್ಲಿ?"

ಮಾದೇಶನ ಊರು ನಂಜನಗೂಡು ತಾಲ್ಲೂಕಿನದು, ಹೆಡತಲೆಯಿಂದ ಈಚೆಗೆ. ಅವನದು ಸೆಂಟ್ರಿಂಗ್ ಕೆಲಸ. ತಾರಸಿಗೆ ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ಕಂಬ ನಿಲ್ಲಿಸಿ, ಅದರ ಮೇಲೆ ಕಬ್ಬಿಣದ ಶೀಟು ಹಾಸಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಶೀಟು ಬಿಚ್ಚಿಕೊಂಡು ಹೊರಡಬೇಕು. ಆಮೇಲೆ ಆ ಮನೆಯೊಳಗೆ ಅವನಿಗೆ ಕೆಲಸವಿಲ್ಲ. ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದಾನೆ, ಬಾಡಿಗೆ ಶೀಟಿನಲ್ಲಿ. ದುಡಿದ ಅರ್ಧ ಶೀಟಿನ ಯಜಮಾನನಿಗೆ ಹೋಗುತ್ತದೆ.

ತಿ. ನರಸೀಪುರದ ಕಲ್ಲಯ್ಯ ಎಂಬ ಹಳೆಯ ಮೇಸ್ತ್ರಿ ಮಂಡಿನೋವು ಬಂದು ಕೆಲಸ ಬಿಡುತ್ತಿದ್ದ. ಅವನ ಹತ್ತಿರ ಎಂಬತ್ತು ಶೀಟು, ಅದಕ್ಕೆ ತಕ್ಕ ಕಂಬ ಇದ್ದವು. "ತಿಂಗ್ಳ ಕೊನೆಗಂಟ ಕಾಯ್ತೀನಿ ಕಣ್ಲಾ. ಅದ್ರಿಂದಾಚೆಗೆ ಯಾರು ಬತ್ತಾರೋ ಅವ್ರಿಗೆ," ಅಂದಿದ್ದ. ಆ ಶೀಟು ಬಂದರೆ ಮಾದೇಶ ಮೇಸ್ತ್ರಿ. ಬರದಿದ್ದರೆ ಕೂಲಿ. ತಿಂಗಳು ಮುಗಿಯಲು ಹನ್ನೊಂದು ದಿನ ಇತ್ತು.

ಮನೆಯಲ್ಲಿ ಅವನು ಹೇಳಿದ್ದು ಒಂದೇ ಮಾತು.

"ಕಂಪ್ಯೂಟ್ರು ತಪ್ಪು."

ಹೆಂಡತಿ ಪವಿತ್ರ ಸೊಪ್ಪು ಬಿಡಿಸುತ್ತಿದ್ದಳು. "ಕಂಪ್ಯೂಟ್ರು ನಿನ್ನೆಸ್ರ ಸರಿಯಾಗಿ ಬರ್ಕಂಡದೆ. ಮಾವನೆಸ್ರೂ ಸರಿಯಾಗಿ ಬರ್ಕಂಡದೆ. ಬೀದಿ ಬಂದಾಗ ಮಾತ್ರ ಅದಕ್ಕೆ ಕಣ್ಣು ಕಾಣ್ನಿಲ್ವಾ?"

ಮಾದೇಶ ಎದ್ದು ದೊಡ್ಡಬೀದಿಗೆ ಹೋದ.

ಬ್ಯಾಂಕಿನವರು ವಿಚಾರಿಸಿದ್ದು ನಂಜುಂಡೇಶನ ಜಗುಲಿಯಲ್ಲಿ. ಎರಡು ವರ್ಷದ ಹಿಂದೆ ಆ ಮನೆಯ ತಾರಸಿಗೆ ಶೀಟು ಹಾಸಿದವನು ಮಾದೇಶ. ಆ ತಾರಸಿಯ ನೆರಳಿನಲ್ಲೇ ಕುಳಿತು ನಂಜುಂಡೇಶ ಪೇಪರು ನೋಡುತ್ತಿದ್ದ. ಮಾದೇಶ ಕೆಳಗೆ ನಿಂತ.

"ಬ್ಯಾಂಕ್ನೋರು ಬಂದಿದ್ರಂತೆ ಅಣ್ಣ."

"ಬಂದಿದ್ರು. ಈ ಬೀದೀಲಿ ಮಾದೇಶ ಅವ್ನಾ ಅಂದ್ರು. ಇಲ್ಲ ಅಂದೆ. ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

"ಆಚೆ ಬೀದೀಲವ್ನೆ ಅಂತ ಒಂದು ಮಾತು ಏಳ್ಬೋದಿತ್ತು."

"ಅವ್ರು ಆಚೆ ಬೀದಿ ಕೇಳ್ನಿಲ್ಲ ಕಣಪ್ಪ," ಅಂದ ನಂಜುಂಡೇಶ. ಹಾಳೆ ಮಗುಚಿದ.

ಅದರಲ್ಲಿ ಜಗಳ ಆಡಲು ಏನೂ ಇರಲಿಲ್ಲ. ಮಾದೇಶ ವಾಪಸು ಬಂದ.

ಭಾನುವಾರ ಸಂಜೆ ಮಾದೇಶನ ಬೀದಿಯ ಸಮುದಾಯ ಭವನದಲ್ಲಿ ಹತ್ತು ಹದಿನೈದು ಜನ ಕೂಡುತ್ತಾರೆ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ, ಆಮೇಲೆ ಎಲ್ಲರೂ ವಾದ ಮಾಡುತ್ತಾರೆ. ಹೆಮ್ಮಿಗೆಯ ಸಂಘಮಿತ್ರಾ ತಿಂಗಳಿಗೆ ಎರಡು ಸಲ ಅಲ್ಲಿಗೆ ಬರುತ್ತಾಳೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಬ್ಯಾಂಕಿನ ವ್ಯವಹಾರ ಕಲಿಸುವುದು ಅವಳ ಕೆಲಸ. ಆ ಭಾನುವಾರ ಪವಿತ್ರ ಗಂಡನನ್ನು ಎಳೆದುಕೊಂಡೇ ಬಂದಳು. ಹಿಂದೆ ಮಾದೇಶನ ಅಪ್ಪ ಚಿಕ್ಕಮಾದುವೂ ಕೋಲು ಊರಿಕೊಂಡು ಬಂದ.

"ನಿಮ್ಮ ಕಾಗದ ಎಲ್ಲ ಚಾಪೆ ಮೇಲೆ ಇಡಿ," ಅಂದಳು ಸಂಘಮಿತ್ರಾ.

ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಸಾಲಾಗಿ ಕುಳಿತವು. ಜೊತೆಗೆ ಅವಳು ಮಾದೇಶನ ಮೊಬೈಲಿನಲ್ಲೇ ಅವನ ಸಾಲದ ವರದಿ ತೆಗೆದಳು. ಯಾರು ಎಲ್ಲಿ ಸಾಲ ಮಾಡಿದರು, ಹೇಗೆ ತೀರಿಸಿದರು, ಯಾವ ವಿಳಾಸ ಕೊಟ್ಟರು ಎಂಬುದನ್ನು ಬರೆದಿಡುವ ಕಂಪನಿಗಳಿವೆ. ಬ್ಯಾಂಕಿನವರು ನಮ್ಮ ಮುಖ ನೋಡುವ ಮೊದಲು ಈ ವರದಿ ನೋಡುತ್ತಾರೆ.

"ಇದ್ಕೆಷ್ಟು ಕೊಡ್ಬೇಕು?" ಅಂದ ಮಾದೇಶ.

"ವರ್ಷಕ್ಕೊಂದ್ಸಲ ಪುಕ್ಕಟೆ. ಯಾರಾದ್ರೂ ದುಡ್ಡು ಕೊಡಿ, ತೆಗೆದುಕೊಡ್ತೀವಿ ಅಂದ್ರೆ ಬಾಗ್ಲು ತೋರ್ಸಿ."

ಬೈಕಿನ ಕಂತೆಲ್ಲ ಸರಿಯಾಗಿ ಕಟ್ಟಿದ್ದ. ಒಂದೂ ತಪ್ಪಿರಲಿಲ್ಲ. ವಿಳಾಸ ಮಾತ್ರ ದೊಡ್ಡಬೀದಿ. ಆಧಾರ್‌ನಲ್ಲೂ ದೊಡ್ಡಬೀದಿ. ರೇಷನ್ ಕಾರ್ಡಿನಲ್ಲಿ ಮಾತ್ರ ಅಂಬೇಡ್ಕರ್ ಬೀದಿ. ರೇಷನ್ ಕಾರ್ಡು ಬರೆದವರು ಮನೆ ಮುಂದೆ ಬಂದು ನಿಂತು, ಒಳಗೆ ಕಾಲಿಡದೆ ಬರೆದುಕೊಂಡು ಹೋಗಿದ್ದರು. ಅವರಿಗೆ ಬೀದಿ ಯಾವುದೆಂಬ ಅನುಮಾನ ಬಂದಿರಲಿಲ್ಲ.

"ನಮ್ಮ ಬೀದಿ ಎಲ್ಲದೆ, ತೋರ್ಸವ್ವ," ಅಂದ ಚಿಕ್ಕಮಾದು.

ಮುದುಕನಿಗೆ ಓದು ಬರುವುದಿಲ್ಲ. ಬೀದಿಯ ಬಾಯಲ್ಲಿ ಅದರ ಹೆಸರಿನ ಒಂದು ಬೋರ್ಡಿದೆ. ಅದನ್ನು ಹಾಕಿಸಲು ಅವನೂ ಇನ್ನು ನಾಲ್ಕು ಜನವೂ ಒಂದು ಬೇಸಿಗೆಯೆಲ್ಲ ತಾಲ್ಲೂಕು ಕಚೇರಿಗೆ ನಡೆದಿದ್ದರು. ರಾತ್ರೋರಾತ್ರಿ ಯಾರೋ ಎರಡು ಸಲ ಕಿತ್ತು ಹಾಕಿದ್ದರು. ಮೂರನೇ ಸಲ ನೆಟ್ಟ ಮೇಲೆ, ಕಾವಲು ಕೂತ ದಿನಗಳಲ್ಲಿ ನೋಡಿ ನೋಡಿ, ಅದರ ಮೇಲಿನ ಅಕ್ಷರ ಅವನಿಗೆ ಗುರುತಾಗಿದ್ದವು. ಅವನಿಗೆ ಬರುವ ಓದು ಅಷ್ಟೆ.

ಸಂಘಮಿತ್ರಾ ಆಧಾರ್ ಕಾರ್ಡನ್ನು ಅವನ ಕೈಗೆ ಕೊಟ್ಟಳು. ಮುದುಕನ ಬೆರಳು ಕನ್ನಡದ ಸಾಲಿನ ಮೇಲೆ ಹೋಯಿತು. ಕೊನೆ ಮುಟ್ಟಿತು. ಮತ್ತೆ ಮೊದಲಿಂದ ಹೋಯಿತು.

"ಸಿಕ್ನಿಲ್ವಲ್ಲ," ಅಂದ. "ಕಣ್ಣು ಮಂಜಾಗದೆ."

ಮಾದೇಶ ಚಾಪೆ ನೋಡುತ್ತಾ ಹೇಳಿದ: "ಕಣ್ಣಲ್ಲ ಕಣಪ್ಪ. ನಾನೇ ಬರ್ಸಿಲ್ಲ."

ಆಮೇಲೆ ಎಲ್ಲ ಹೇಳಿದ. ಹತ್ತೊಂಬತ್ತರ ವಯಸ್ಸಿನಲ್ಲಿ ಕೆಲಸಕ್ಕೆಂದು ಪೇಟೆಗೆ ಹೋದಾಗ ಮೂರು ಮನೆಯಲ್ಲಿ ರೂಮು ಕೇಳಿದ್ದ. ಮೂರು ಕಡೆಯೂ ಬಾಡಿಗೆ ಮಾತಾಡಿ ಮುಗಿದ ಮೇಲೆ ಊರಲ್ಲಿ ಯಾವ ಬೀದಿ ಅಂದರು. ಹೇಳಿದ. ಮೂರು ಕಡೆಯೂ ರೂಮು ಅಷ್ಟರಲ್ಲೇ ಬೇರೆಯವರಿಗೆ ಹೋಗಿಬಿಟ್ಟಿತ್ತು. ನಾಲ್ಕನೇ ಮನೆಯಲ್ಲಿ ದೊಡ್ಡಬೀದಿ ಅಂದ. ಬೀಗದ ಕೈ ಕೊಟ್ಟರು. ಆಧಾರ್ ಮಾಡಿಸುವಾಗಲೂ ಬಾಯಿಗೆ ಅದೇ ಬಂತು. ವಿಳಾಸ ದೃಢೀಕರಣದ ಕಾಗದ ಅವನೇ ತುಂಬಿದ, ಸಹಿ ಹಾಕಿದವರು ಓದಲಿಲ್ಲ. ಬೈಕ್ ಸಾಲಕ್ಕೆ ಆಧಾರ್ ಕೊಟ್ಟ. ಸುಳ್ಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ನಡೆದುಕೊಂಡು ಹೋಯಿತು.

ಚಿಕ್ಕಮಾದು ಕಾರ್ಡನ್ನು ಚಾಪೆಯ ಮೇಲಿಟ್ಟ. "ಅವ್ರು ಎಲ್ಡು ಸಲ ಕಿತ್ತಾಕಿದ್ರು," ಅಂದ. "ಮೂರ್ನೇದು ನೀನು ಕಿತ್ತಾಕ್ದೆ ಅನ್ನು."

ಸಂಘಮಿತ್ರಾ ಕೆಲಸದ ಮಾತು ಎತ್ತಿದಳು. "ಸರಿ. ಈಗ ತಿದ್ದುಸ್ಬೇಕು."

"ತಿದ್ದುಸ್ಬುಟ್ರೆ ಕೊಟ್ಬುಡ್ತಾರಾ?" ಅಂದ ಮಾದೇಶ. "ರೂಮು ಕೊಡ್ದೋರು ದುಡ್ಡು ಕೊಟ್ಟಾರಾ? ಈ ಬೀದಿ ಎಸ್ರು ನೋಡುದ್ರೆ ಅರ್ಜಿ ಕೆಳಕ್ಕೆ ಓಯ್ತದೆ. ದೊಡ್ಡಬೀದಿ ಅಂತಿದ್ರೆ ಒಂದಲ್ಲ ಒಂದು ದಿನ ಆಗ್ಬೋದು."

"ದೊಡ್ಡಬೀದಿ ಅಂತಿದ್ದಿದ್ಕೇ ಈಗ ಆಗ್ಲಿಲ್ಲ. ಮತ್ತೆ ವಿಚಾರಿಸ್ತಾರೆ, ಮತ್ತೆ ಅದೇ ಜಗ್ಲಿಲಿ ಇಲ್ಲ ಅಂತಾರೆ. ಆಗ ನೀವು ಯಾರನ್ನ ಕೇಳ್ತೀರಿ? ನಿಮ್ಮ ಕಾಗ್ದವೇ ನಿಮ್ಗೆ ಎದುರು ಸಾಕ್ಷಿ."

"ಬೀದಿ ನೋಡಿ ಇಲ್ಲ ಅಂದ್ರೆ?"

"ಅಂದ್ರೆ ಬರವಣಿಗೇಲಿ ಕೊಡಿ ಅನ್ನಿ. ಕಾರಣ ಬರೆದು ಕೊಡೋವಾಗ ಪೆನ್ನು ನಿಧಾನ ಆಗ್ತದೆ. ಬ್ಯಾಂಕಿಗೇ ದೂರು ಕೊಡ್ತೀವಿ. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ಕೇಳೋ ಓಂಬುಡ್ಸ್‌ಮನ್‌ಗೆ ಬರೀತೀವಿ. ಅದಕ್ಕೆ ಲಾಯರ್ ಬೇಡ, ಶುಲ್ಕ ಬೇಡ. ಆದ್ರೆ ಜಗಳ ಆಡೋಕೆ ಮೊದ್ಲು ನಿಂತ್ಕಳಕ್ಕೆ ನಮ್ದೇ ಜಾಗ ಬೇಕಲ್ಲ ಮಾದೇಶಣ್ಣ."

ಪವಿತ್ರ ಗಂಡನ ಕಡೆ ತಿರುಗಿದಳು. "ಮಂದಿ ಮನೆಗೆಲ್ಲ ಕಂಬ ಕೊಟ್ಟು ತಾರ್ಸಿ ನಿಲ್ಲುಸ್ತೀಯ. ನಿನ್ನೆಸ್ರಿನ ಕೆಳಗೆ ಒಂದು ಕಂಬ ಕೊಟ್ಕೊ."

ಮರುದಿನ ಮಾದೇಶ ಕೆಲಸಕ್ಕೆ ರಜೆ ಹಾಕಿದ. ರೇಷನ್ ಕಾರ್ಡು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ ವಿಳಾಸ ಬದಲಾವಣೆಗೆ ಅರ್ಜಿ ಕೊಟ್ಟು, ರಸೀದಿ ಇಸಿದುಕೊಂಡ. ಹೊಸ ಆಧಾರ್ ಬಂದ ದಿನ ಸಾಲದ ವರದಿಯ ಕಂಪನಿಗೆ ಸಂಘಮಿತ್ರಾ ಆನ್‌ಲೈನಿನಲ್ಲಿ ತಕರಾರು ಹಾಕಿಸಿದಳು. ಬೈಕ್ ಸಾಲ ಕೊಟ್ಟಿದ್ದ ಫೈನಾನ್ಸಿಗೂ ಒಂದು ಅರ್ಜಿ ಕೊಡಿಸಿದಳು, ಏಕೆಂದರೆ ವಿಳಾಸ ಕಳಿಸಿದವರು ಅವರು, ತಿದ್ದಿ ಕಳಿಸಬೇಕಾದವರೂ ಅವರೇ. ಈ ತಕರಾರು ಮೂವತ್ತು ದಿನದೊಳಗೆ ತೀರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕಿದೆ. ಇಪ್ಪತ್ತಾರನೇ ದಿನ ವರದಿ ಸರಿಯಾಯಿತು.

ಅಷ್ಟರಲ್ಲಿ ಕಲ್ಲಯ್ಯನ ಶೀಟು ಹೋಗಿತ್ತು. ಮುಡುಕುತೊರೆ ಕಡೆಯವರು ಯಾರೋ ದುಡ್ಡು ಎಣಿಸಿ, ಲಾರಿಗೆ ತುಂಬಿಕೊಂಡು ಹೋದರು. "ನಾನೇನು ಮಾಡ್ಲಿ ಕಣ್ಲಾ, ತಿಂಗ್ಳು ಮುಗೀತು," ಅಂದ ಕಲ್ಲಯ್ಯ. ಹದಿನೈದು ವರ್ಷದ ಹಿಂದೆ ಬರೆದ ಒಂದು ಪದದ ಬೆಲೆ ಎಂಬತ್ತು ಶೀಟು. ಮಾದೇಶ ಅದನ್ನು ಲಾರಿಯ ಹಿಂದೆ ನಿಂತು ನೋಡಿದ. ಬೇರೆಲ್ಲಾದರೂ ಶೀಟು ಸಿಗುತ್ತವೆ ಅಂದುಕೊಂಡು, ಅದೇ ಬ್ಯಾಂಕಿಗೆ ಮತ್ತೆ ಅರ್ಜಿ ಹಾಕಿದ. ಬೀದಿಯ ಹೆಸರನ್ನು ತನ್ನ ಕೈಯಲ್ಲೇ ಬರೆದ.

ಹೊಸ ಆಧಾರ್ ಬಂದಾಗ ಅದನ್ನು ಅಪ್ಪನ ಕೈಗೆ ಕೊಟ್ಟಿದ್ದ. ಬೆರಳು ಎರಡನೇ ಸಾಲಿನಲ್ಲಿ ನಿಂತಿತ್ತು. ಮುದುಕ ಕಾರ್ಡನ್ನು ಪಂಚೆಯಲ್ಲಿ ಒರೆಸಿ ಕೊಟ್ಟ.

ಒಂದು ಮಧ್ಯಾಹ್ನ ಬ್ಯಾಂಕಿನವರು ಮತ್ತೆ ವಿಚಾರಣೆಗೆ ಬಂದರು. ಈ ಸಲ ದೊಡ್ಡಬೀದಿಯಲ್ಲಿ ಬೈಕು ನಿಲ್ಲಿಸಲಿಲ್ಲ. ಬೋರ್ಡಿನ ಹತ್ತಿರ ನಿಲ್ಲಿಸಿದರು. ಅದರ ಕೆಳಗೆ ಚಿಕ್ಕಮಾದು ಕೂತಿದ್ದ.

"ಇಲ್ಲಿ ಮಾದೇಶ ಅನ್ನೋರ ಮನೆ ಯಾವುದು?"

"ಯಾವ ಬೀದಿ ಮಾದೇಶ?" ಅಂದ ಮುದುಕ.

ಅವರು ಫೈಲು ಬಿಚ್ಚಿ ನೋಡಿದರು. "ಅಂಬೇಡ್ಕರ್ ಬೀದಿ."

"ಅಂಗಾದ್ರೆ ಬನ್ನಿ," ಅಂದು ಮುದುಕ ಕೋಲು ಊರಿ ಎದ್ದ.

ಸಾಲ ಮಂಜೂರಾಯಿತು. ಈಗ ಮಾದೇಶನಿಗೆ ತನ್ನದೇ ಅರವತ್ತು ಶೀಟಿವೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮ ಮನೆಯ ಕಾಗದವೆಲ್ಲ ಒಂದು ಚಾಪೆಯ ಮೇಲೆ ಇಡಿ. ಎಲ್ಲದರಲ್ಲೂ ಒಂದೇ ವಿಳಾಸ ಇದೆಯೇ ನೋಡಿ. ವರ್ಷಕ್ಕೊಮ್ಮೆ ನಿಮ್ಮ ಸಾಲದ ವರದಿಯನ್ನು ಪುಕ್ಕಟೆಯಾಗಿ ತೆಗೆಸಿ ಓದಿ, ಓದಲು ಬಾರದಿದ್ದರೆ ಓದಿಸಿ. ಆಗ ಮೊಬೈಲಿಗೆ ಬರುವ ಒಟಿಪಿಯನ್ನು ಮಾತ್ರ ಯಾರಿಗೂ ಹೇಳಬೇಡಿ. ತಪ್ಪಿದ್ದರೆ ಸಾಲ ಬೇಕಾದಾಗ ಅಲ್ಲ, ಈಗಲೇ ತಿದ್ದಿಸಿ, ರಸೀದಿ ಇಟ್ಟುಕೊಳ್ಳಿ. ಸಾಲ ಇಲ್ಲ ಅಂದರೆ ಕಾರಣ ಕೇಳಿ, ಬರವಣಿಗೆಯಲ್ಲಿ ಕೇಳಿ.

ನಿಮ್ಮ ಬೀದಿಯ ಹೆಸರು ಕೇಳಿ ಯಾರಾದರೂ ಮುಖ ತಿರುಗಿಸಿದ್ದರೆ, ತಪ್ಪು ಆ ಮುಖದ್ದು, ಬೀದಿಯದಲ್ಲ. ಅದನ್ನು ಬಚ್ಚಿಡಬೇಡಿ. ಪೂರ್ತಿಯಾಗಿ, ಬಿಡಿಸಿ, ನಿಮ್ಮ ಕೈಯಾರೆ ಬರೆಯಿರಿ.